ಡಬ್ಬಿಯಲ್ಲಿ ನಾಲ್ಕು ಮಾತ್ರೆ: ಯಾವುದರ ಕೆಲಸ ಏನು?

ಪ್ರಶ್ನೆ: ನನಗೆ 29 ವರ್ಷ. ಲೆಕ್ಕಪತ್ರದ ಕೆಲಸ ಮಾಡುತ್ತೇನೆ. ಮೂರು ವರ್ಷದ ಹಿಂದೆ ಡಿಪ್ರೆಶನ್ ಬಂದಾಗ ಎಸಿಟಲೋಪ್ರಾಂ ಕೊಟ್ಟಿದ್ದರು, ಸರಿಹೋಗಿದ್ದೆ. ಈ ವರ್ಷ ಮತ್ತೆ ಅದೇ ಮಂಕು ಕವಿಯಿತು, ಅದೇ ಮಾತ್ರೆ ಶುರುವಾಯಿತು. ಮೂರು ವಾರಕ್ಕೆ ಎಲ್ಲ ತಲೆಕೆಳಗಾಯಿತು. ರಾತ್ರಿ ಎರಡು ಗಂಟೆ ಮಲಗಿದರೂ ಸುಸ್ತೇ ಇಲ್ಲ. ಕೂಡಿಟ್ಟ ದುಡ್ಡನ್ನೆಲ್ಲ ಒಂದು ವ್ಯಾಪಾರದ ಕನಸಿಗೆ ಸುರಿದೆ. ಮೇಲಧಿಕಾರಿಗೆ ಬಾಯಿಗೆ ಬಂದಂತೆ ಮಾತಾಡಿದೆ. ಮನೆಯವರು ಆಸ್ಪತ್ರೆಗೆ ಸೇರಿಸಿದರು. 'ಬೈಪೋಲಾರ್ ಒನ್' ಅಂದರು, ಮನಸ್ಸು ಒಮ್ಮೆ ವಿಪರೀತ ಏರಿ ಇನ್ನೊಮ್ಮೆ ಮಂಕಿಗೆ ಇಳಿಯುವ ಕಾಯಿಲೆಯಂತೆ. ಎಸಿಟಲೋಪ್ರಾಂ ನಿಲ್ಲಿಸಿ, ಲಿಥಿಯಂ, ಕ್ವಟಯಾಪಿನ್, ಕ್ಲೊನಾಜಿಪಾಮ್, ಕೈ ನಡುಕಕ್ಕೆ ಪ್ರೊಪ್ರನಲಾಲ್, ಹೀಗೆ ನಾಲ್ಕು ಮಾತ್ರೆ ಬರೆದು ಮನೆಗೆ ಕಳಿಸಿದರು. ಈಗ ಆರು ವಾರ ಆಗಿದೆ. ಹಗಲಿಡೀ ಮಂಪರು, ತೂಕ ಏರುತ್ತಿದೆ, ತಲೆಯಲ್ಲಿ ಮೊದಲಿನ ಚುರುಕಿಲ್ಲ. ನಾಲ್ಕು ಮಾತ್ರೆ ಅಂದರೆ ನನ್ನ ಕಾಯಿಲೆ ಅಷ್ಟು ಜೋರಾಗಿದೆಯೇ? ಲಿಥಿಯಂ ಕಿಡ್ನಿ ಹಾಳುಮಾಡುತ್ತದಂತೆ, ನಿಜವೇ? ಮಾತ್ರೆಗೆ ಅಂಟಿಕೊಂಡುಬಿಡುತ್ತೇನಾ? ಮನಸ್ಸು ಗಟ್ಟಿ ಮಾಡಿಕೊಂಡರೆ ಸಾಕು ಅಂತ ಒಬ್ಬ ಸಂಬಂಧಿಕರು ಹೇಳುತ್ತಿದ್ದಾರೆ. ಹೋದ ವಾರ ಎರಡು ದಿನ ಎಲ್ಲ ಬಿಟ್ಟು ನೋಡಿದೆ, ಹೆದರಿ ಮತ್ತೆ ಶುರು ಮಾಡಿದೆ. ಮುಂದೆ ಮಗು ಬೇಕು ಅನ್ನುವ ಆಸೆಯೂ ಇದೆ. ಕೊನೆಗೊಂದು ಸಣ್ಣ ಪ್ರಶ್ನೆ: ದಿನಕ್ಕೆ ನಾಲ್ಕು ಕಪ್ ಕಾಫಿ ಕುಡಿಯುತ್ತೇನೆ. ಬಿಡಬೇಕಾ?

ಉತ್ತರ:

ನಿಮ್ಮ ಪತ್ರ ಓದಿದಾಗ ನನ್ನ ಹಳೆಯ ತಪ್ಪೊಂದು ನೆನಪಾಯಿತು. ವೃತ್ತಿಯ ಮೊದಲ ವರ್ಷಗಳಲ್ಲಿ ಒಬ್ಬ ಹುಡುಗನಿಗೆ ಐದು ಔಷಧಿ ಬರೆದು, ಹೊತ್ತಿಗೆ ಸರಿಯಾಗಿ ತಗೋ ಅಂತಷ್ಟೇ ಹೇಳಿ ಕಳಿಸಿದ್ದೆ. ತಿಂಗಳಾದ ಮೇಲೆ ಅವನು ಬಂದು ಮೇಜಿನ ಮೇಲೆ ಚೀಲ ಸುರಿದ. ಎರಡು ಔಷಧಿ ಮುಟ್ಟಿಯೇ ಇರಲಿಲ್ಲ. ಮೂರನೆಯದನ್ನು ಎರಡು ಪಟ್ಟು ನುಂಗಿದ್ದ, ನಿದ್ದೆ ಚೆನ್ನಾಗಿ ಬರುತ್ತದೆ ಅಂತ. 'ಯಾವುದು ಯಾತಕ್ಕೆ ಅಂತ ನೀವು ಹೇಳಲೇ ಇಲ್ಲವಲ್ಲ' ಅಂದ. ಅವನು ಹೇಳಿದ್ದು ಸರಿಯಾಗಿತ್ತು. ಅವತ್ತಿನಿಂದ ನಾನು ಎಷ್ಟು ಮಾತ್ರೆ ಅನ್ನುವುದರ ಬಗ್ಗೆ ಮಾತಾಡುವುದು ಕಡಿಮೆ. ಪ್ರತಿ ಮಾತ್ರೆಯ ಬಗ್ಗೆ ಎರಡೇ ಮಾತು: ಇದರ ಕೆಲಸ ಏನು, ಇದು ಯಾವಾಗ ಹೊರಡುತ್ತದೆ.

ಆ ಎರಡು ಪ್ರಶ್ನೆಯನ್ನು ನಿಮ್ಮ ಡಬ್ಬಿಗೂ ಹಾಕಿ ನೋಡೋಣ. ಅದಕ್ಕೂ ಮೊದಲು ಆ ಎರಡು ದಿನದ ವಿಷಯ.

ಎರಡು ದಿನ ಬಿಟ್ಟಿದ್ದಕ್ಕೆ ನಾನು ಬೈಯುವುದಿಲ್ಲ. ಹೊಸದಾಗಿ ಮಾತ್ರೆ ಶುರು ಮಾಡಿದವರಲ್ಲಿ ತುಂಬಾ ಜನ ಒಮ್ಮೆಯಾದರೂ ಹೀಗೆ ಮಾಡಿ ನೋಡುತ್ತಾರೆ. ಆದರೆ ನಿಮ್ಮ ಡಾಕ್ಟರಿಗೆ ಅದನ್ನು ಹೇಳಿ. ಲಿಥಿಯಂ ಪ್ರಮಾಣ ರಕ್ತದಲ್ಲಿ ಒಂದು ಮಟ್ಟಕ್ಕೆ ಬಂದು ನಿಲ್ಲಲು ಐದರಿಂದ ಏಳು ದಿನ ಬೇಕು. ನೀವು ಬಿಟ್ಟಿದ್ದು ಗೊತ್ತಿಲ್ಲದೆ ಅವರು ರಕ್ತಪರೀಕ್ಷೆ ಮಾಡಿಸಿದರೆ ಅಂಕಿ ಕಡಿಮೆ ಬರುತ್ತದೆ. ಡೋಸ್ ಸಾಲದು ಅಂದುಕೊಂಡು ಅವರು ಜಾಸ್ತಿ ಮಾಡಬಹುದು. ನಿಮಗೆ ಬೇಡದ ಡೋಸ್ ಬರುವುದು ಹೀಗೇ. ಇನ್ನೊಂದು ಮಾತು. ಒಂದೆರಡು ದಿನ ಬಿಟ್ಟರೆ ಏನೂ ಆಗಲಿಲ್ಲ ಅನಿಸಬಹುದು. ಮಂಪರು ಇಳಿದು ಹಗುರವೂ ಅನಿಸಬಹುದು. ಮೇನಿಯಾ, ಅಂದರೆ ನಿಮ್ಮನ್ನು ಆಸ್ಪತ್ರೆಗೆ ಸೇರಿಸಿದ ಆ ವಿಪರೀತ ಹುರುಪಿನ ಸ್ಥಿತಿ, ಮರುದಿನವೇ ಬಾಗಿಲು ತಟ್ಟುವುದಿಲ್ಲ. ಲಿಥಿಯಂ ಥಟ್ಟನೆ ನಿಲ್ಲಿಸಿದವರಲ್ಲಿ ಅದು ಮುಂದಿನ ವಾರಗಳಲ್ಲಿ, ತಿಂಗಳುಗಳಲ್ಲಿ ಬರುತ್ತದೆ. ಅಷ್ಟು ಹೊತ್ತಿಗೆ ಮಾತ್ರೆ ಬಿಟ್ಟಿದ್ದಕ್ಕೇ ಇದು ಅಂತ ಯಾರಿಗೂ ನೆನಪಿರುವುದಿಲ್ಲ. ಲಿಥಿಯಂ ನಿಲ್ಲಿಸುವುದೇ ಆದರೂ ಕನಿಷ್ಠ ನಾಲ್ಕು ವಾರ, ಸಾಧ್ಯವಾದರೆ ಮೂರು ತಿಂಗಳು ತೆಗೆದುಕೊಂಡು ಮೆಲ್ಲಗೆ ಇಳಿಸಬೇಕು.

ಈಗ ಹಳೆಯ ಮಾತ್ರೆಯ ವಿಷಯ. ಮೊದಲ ಸಲ ನಿಮ್ಮನ್ನು ಎಬ್ಬಿಸಿ ಕೂರಿಸಿದ ಎಸಿಟಲೋಪ್ರಾಂ ಅನ್ನೇ ಯಾಕೆ ನಿಲ್ಲಿಸಿದರು ಅನ್ನುವ ಗೊಂದಲ ನಿಮ್ಮ ಪತ್ರದ ಸಾಲುಗಳ ನಡುವೆ ಕಾಣುತ್ತದೆ. ಬೈಪೋಲಾರ್ ಎಷ್ಟೋ ಜನರಲ್ಲಿ ಡಿಪ್ರೆಶನ್ ರೂಪದಲ್ಲೇ ಮೊದಲು ಕಾಣಿಸಿಕೊಳ್ಳುತ್ತದೆ. ಆಗ ಅದು ಬರೀ ಡಿಪ್ರೆಶನ್ನೋ ಬೈಪೋಲಾರೋ ಅಂತ ಹೇಳುವ ರಕ್ತಪರೀಕ್ಷೆ ಇಲ್ಲ, ಸ್ಕ್ಯಾನ್ ಇಲ್ಲ. ಅಪ್ಪ ಅಮ್ಮನ ಕಡೆ ಯಾರಿಗಾದರೂ ಹೀಗೆ ಆಗಿತ್ತಾ, ನಿದ್ದೆ ಕಡಿಮೆಯಾದರೂ ಹುರುಪು ಜಾಸ್ತಿಯಾದ ದಿನಗಳು ಇದ್ದವಾ ಅಂತ ಕೇಳಬಹುದು ಅಷ್ಟೇ. ತಾನು ತುಂಬಾ ಖುಷಿಯಾಗಿದ್ದೇನೆ ಅಂತ ಯಾರೂ ಡಾಕ್ಟರ ಹತ್ತಿರ ಹೋಗುವುದಿಲ್ಲ, ಅಲ್ವಾ? ಹಾಗಾಗಿ ಸರಿಯಾದ ಹೆಸರು ಸಿಗಲು ವರ್ಷಗಳೇ ಹಿಡಿಯುವುದು ಈ ಕಾಯಿಲೆಯಲ್ಲಿ ಸಾಮಾನ್ಯ. ನಿಮ್ಮ ಮೊದಲ ಡಾಕ್ಟರು ತಪ್ಪು ಮಾಡಿದರು ಅಂತ ಇದರಿಂದ ಹೇಳಲಾಗದು. ಮೇನಿಯಾ ಬಂದ ಮೇಲೆ ಮಾತ್ರ ಲೆಕ್ಕ ಬದಲಾಗುತ್ತದೆ. ಬೈಪೋಲಾರ್ ಒನ್ ಇರುವವರಿಗೆ ಮೂಡ್ ಸ್ಟೆಬಿಲೈಸರ್ (ಮನಸ್ಸಿನ ಏರಿಳಿತ ತಡೆಯುವ ಲಿಥಿಯಂನಂಥ ಔಷಧಿ) ಜೊತೆಯಿಲ್ಲದೆ ಡಿಪ್ರೆಶನ್ ಮಾತ್ರೆ ಒಂದನ್ನೇ ಕೊಟ್ಟರೆ ಮನಸ್ಸು ಮಂಕಿನಿಂದ ನೆಗೆದು ಇನ್ನೊಂದು ತುದಿಗೆ ಹೋಗುವ ಅಪಾಯ ಇದೆ. ಮನೆಯಲ್ಲಿ ಹಳೆಯ ಎಸಿಟಲೋಪ್ರಾಂ ಸ್ಟ್ರಿಪ್ ಉಳಿದಿದ್ದರೆ ಇವತ್ತೇ ಹೊರಗೆ ಹಾಕಿ. ಮುಂದೊಂದು ದಿನ ಬೇಸರ ಕವಿದಾಗ, 'ಮೊದಲು ಇದರಲ್ಲೇ ಸರಿಹೋಗಿತ್ತಲ್ಲ' ಅಂತ ಕೈ ಅಲ್ಲಿಗೇ ಹೋಗುತ್ತದೆ.

ನಾಲ್ಕು ಮಾತ್ರೆ ಅಂದರೆ ಕಾಯಿಲೆ ಅಷ್ಟು ಜೋರು ಅಂತಲೇ? ಅಲ್ಲ. ಮೇನಿಯಾ ಜೋರಾಗಿದ್ದಾಗ ಲಿಥಿಯಂ ಒಂದನ್ನೇ ನಂಬಿ ಕೂರಲು ಆಗುವುದಿಲ್ಲ. ಅದು ನಿಧಾನಸ್ಥ, ಪೂರ್ತಿ ಹಿಡಿತಕ್ಕೆ ಬರಲು ಒಂದೆರಡು ವಾರ ಬೇಕು. ಅಷ್ಟರಲ್ಲಿ ಬೆಂಕಿ ಆರಿಸಲು ಬೇರೆ ಮಾತ್ರೆ ಬೇಕು. ನಿದ್ದೆ ತರಿಸಲು ಇನ್ನೊಂದು. ಆಸ್ಪತ್ರೆಯಿಂದ ಹೊರಗೆ ಬರುವಾಗ ಇವೆಲ್ಲ ಒಟ್ಟಿಗೆ ಚೀಟಿಯಲ್ಲಿ ಇರುತ್ತವೆ. ಆರು ವಾರ, ಆರು ತಿಂಗಳು ಆದಮೇಲೂ ಆ ಚೀಟಿಯನ್ನು ಯಾರೂ ಮತ್ತೆ ತೆರೆದು ನೋಡದೆ ಹಾಗೇ ಮುಂದುವರಿಸಿದರೆ ಅದು ತಪ್ಪು. ಆ ತಪ್ಪು ನಮ್ಮ ಕಡೆಯಿಂದ ಆಗಾಗ ಆಗುತ್ತದೆ, ಒಪ್ಪಿಕೊಳ್ಳುತ್ತೇನೆ.

ಮೊದಲು ಹೊರಡಬೇಕಾದ್ದು ಕ್ಲೊನಾಜಿಪಾಮ್. ಆತಂಕ, ನಿದ್ದೆಗೇಡು ಇರುವ ಮೊದಲ ವಾರಗಳಿಗೆ ಇದು ಒಳ್ಳೆಯ ಊರುಗೋಲು. ಮಾತ್ರೆಗೆ ಅಂಟಿಕೊಳ್ಳುವ ನಿಮ್ಮ ಭಯ ಈ ನಾಲ್ಕರಲ್ಲಿ ನಿಜವಾಗಿ ಸಲ್ಲುವುದು ಇದೊಂದಕ್ಕೆ. ವಾರಗಟ್ಟಲೆ ದಿನಾ ತೆಗೆದುಕೊಂಡರೆ ಮೈ ಇದಕ್ಕೆ ಒಗ್ಗಿಕೊಳ್ಳುತ್ತದೆ. ಆಮೇಲೆ ಥಟ್ಟನೆ ನಿಲ್ಲಿಸಿದರೆ ನಿದ್ದೆ ಹೋಗುತ್ತದೆ, ಚಡಪಡಿಕೆ ಬರುತ್ತದೆ, ಕೆಲವರಿಗೆ ಫಿಟ್ಸ್ ಕೂಡ ಬರಬಹುದು. ನೀವು ಆ ಎರಡು ದಿನ ಹೆದರಿದಿರಿ ಅಂದಿರಲ್ಲ, ಅದರಲ್ಲಿ ಒಂದು ಪಾಲು ಇದರದ್ದೇ ಇರಬಹುದು. ಹಗಲಿನ ಮಂಪರಿನಲ್ಲೂ ಇದರ ಕೈವಾಡ ಇದೆ. ಆರು ವಾರ ಆಗಿದೆ, ನಿದ್ದೆ ಸರಿಯಾಗಿದೆ ಅಂದರೆ ಇದನ್ನು ಇಳಿಸುವ ಮಾತು ಎತ್ತಲು ಈ ಸಲದ ಭೇಟಿಯೇ ಸರಿಯಾದ ಹೊತ್ತು. ಇಳಿಸುವುದು ಮಾತ್ರ ಹಂತ ಹಂತವಾಗಿ, ಅವರು ಹೇಳಿದ ಲೆಕ್ಕದಲ್ಲಿ. ಅಲ್ಲಿಯವರೆಗೆ ಮದ್ಯದ ಜೊತೆ ಬೇಡವೇ ಬೇಡ, ಮಂಪರು ಇರುವಾಗ ವಾಹನ ಓಡಿಸುವುದೂ ಬೇಡ.

ಪ್ರೊಪ್ರನಲಾಲ್ ವಿಷಯ ಸ್ವಲ್ಪ ತಮಾಷೆಯದು. ಇದು ನಿಮ್ಮ ಕಾಯಿಲೆಗೆ ಕೊಟ್ಟಿದ್ದಲ್ಲ. ಲಿಥಿಯಂ ತಂದ ಕೈ ನಡುಕಕ್ಕೆ ಕೊಟ್ಟಿದ್ದು. ಮಾತ್ರೆಯ ಹಿಂದೆ ಮಾತ್ರೆ ಬರುವುದು ಹೀಗೆ. ಕೆಲವರಿಗೆ ಇದು ನಿಜವಾಗಿ ಬೇಕಾಗುತ್ತದೆ. ಅದರಲ್ಲೂ ಬರೆಯುವ, ಟೈಪ್ ಮಾಡುವ ಕೆಲಸದವರಿಗೆ ನಡುಕ ದೊಡ್ಡ ಕಿರಿಕಿರಿ. ಆದರೂ ಕೇಳಿ ನೋಡಿ: ಲಿಥಿಯಂ ಡೋಸ್ ಸ್ವಲ್ಪ ಕಡಿಮೆ ಮಾಡಬಹುದಾ, ನಿಧಾನವಾಗಿ ಕರಗುವ ಬಗೆಯ ಮಾತ್ರೆಗೆ ಬದಲಿಸಬಹುದಾ? ಎಷ್ಟೋ ಸಲ ಅಷ್ಟರಲ್ಲೇ ನಡುಕ ತಗ್ಗಿ, ನಾಲ್ಕನೆಯ ಮಾತ್ರೆಯೇ ಬೇಡವಾಗುತ್ತದೆ. ನಿಮಗೆ ಅಸ್ತಮಾ ಇದ್ದರೆ ಪ್ರೊಪ್ರನಲಾಲ್ ಕೂಡದು. ಅದನ್ನು ಡಾಕ್ಟರಿಗೆ ಹೇಳಿಲ್ಲದಿದ್ದರೆ ಕಾಯಬೇಡಿ, ಇವತ್ತೇ ಫೋನ್ ಮಾಡಿ.

ಕ್ವಟಯಾಪಿನ್ ಬಗ್ಗೆ ನನಗೆ ಎರಡು ಮನಸ್ಸು. ಅದು ಮೇನಿಯಾ ಇಳಿಸುತ್ತದೆ, ಬೈಪೋಲಾರಿನ ಡಿಪ್ರೆಶನ್ನಿಗೂ ಕೆಲಸ ಮಾಡುತ್ತದೆ, ಮತ್ತೆ ಬಾರದಂತೆ ತಡೆಯುವುದರಲ್ಲೂ ಕೈಜೋಡಿಸುತ್ತದೆ. ಎರಡೂ ತುದಿ ಹಿಡಿಯುವ ಔಷಧಿಗಳು ಕಡಿಮೆ, ಹಾಗಾಗಿ ಇದಕ್ಕೆ ಬೆಲೆ ಇದೆ. ಆದರೆ ತೂಕ ಏರಿಸುತ್ತದೆ, ಸಕ್ಕರೆ ಮತ್ತು ಕೊಬ್ಬಿನಂಶವನ್ನೂ ಏರಿಸಬಹುದು. ನಿಮ್ಮ ಮಂಪರಿಗೆ ಇದೇ ಮುಖ್ಯ ಕಾರಣ ಅಂತ ನನ್ನ ಊಹೆ. ಮೊದಲ ವಾರಗಳ ಮಂಪರು ಎಷ್ಟೋ ಜನಕ್ಕೆ ತಾನಾಗಿ ತಗ್ಗುತ್ತದೆ. ನಿಮಗೆ ಆರು ವಾರ ಆದರೂ ಬೆಳಿಗ್ಗೆ ತಲೆ ಎತ್ತಲಾಗದಿದ್ದರೆ, ರಾತ್ರಿ ಮಾತ್ರೆಯನ್ನು ಒಂದೆರಡು ಗಂಟೆ ಮುಂಚೆ ತೆಗೆದುಕೊಳ್ಳಬಹುದಾ ಅಂತ ಕೇಳಿ. ಹಾಸಿಗೆಯಿಂದ ಏಳುವಾಗ ಒಮ್ಮೆ ಕೂತು, ಆಮೇಲೆ ನಿಲ್ಲಿ. ರಕ್ತದ ಒತ್ತಡ ಇಳಿದು ಕಣ್ಣು ಕತ್ತಲೆ ಬರುವುದುಂಟು, ಪ್ರೊಪ್ರನಲಾಲ್ ಜೊತೆಗಿದ್ದರೆ ಇನ್ನೂ ಜಾಸ್ತಿ. ತೂಕವನ್ನು ವಾರಕ್ಕೊಮ್ಮೆ ಒಂದೇ ದಿನ, ಒಂದೇ ಹೊತ್ತಿಗೆ ನೋಡಿ ಬರೆದಿಡಿ. ತೂಕ ಏರಿದ್ದು ನಿಮ್ಮ ಸೋಮಾರಿತನದಿಂದ ಅಲ್ಲ, ಈ ಮಾತ್ರೆ ಹಸಿವನ್ನೇ ಬದಲಿಸುತ್ತದೆ. ಮೊದಲ ಮೂರು ತಿಂಗಳಲ್ಲಿ ಏರುವ ತೂಕವನ್ನು ಆಗಲೇ ಹಿಡಿಯುವುದು ಸುಲಭ, ಹದಿನೈದು ಕಿಲೋ ಆದಮೇಲೆ ಇಳಿಸುವುದು ಕಷ್ಟ. ಹಾಗಾಗಿ ಡಾಕ್ಟರು ಕೇಳಲಿ ಅಂತ ಕಾಯಬೇಡಿ, ನೀವೇ ಆ ಚೀಟಿ ಮೇಜಿನ ಮೇಲೆ ಇಡಿ. ಡೋಸ್ ಇಳಿಸಬಹುದು, ತೂಕಕ್ಕೆ ಅಷ್ಟು ತೊಂದರೆ ಕೊಡದ ಔಷಧಿಗೆ ಬದಲಿಸಬಹುದು. ಮನಸ್ಸು ಆರೆಂಟು ತಿಂಗಳು ಸ್ಥಿರವಾಗಿ ಇದ್ದ ಮೇಲೆ ಲಿಥಿಯಂ ಒಂದರ ಮೇಲೇ ನಡೆಯಬಹುದಾ ಅಂತ ಯೋಚಿಸಬಹುದು. ಒಂದೊಂದಕ್ಕೂ ಅಪಾಯ ಇದೆ: ಬೇಗ ಇಳಿಸಿದರೆ ಕಾಯಿಲೆ ಮರುಕಳಿಸಬಹುದು, ಹೊಸದಕ್ಕೆ ಬದಲಿಸಿದರೆ ಅದರ ಸೈಡ್ ಎಫೆಕ್ಟ್ ಮೊದಲಿನಿಂದ ಕಲಿಯಬೇಕು. ಒಂದು ನಿಯಮ ಮಾತ್ರ ನಾನು ಬಿಡುವುದಿಲ್ಲ. ಒಂದು ಸಲಕ್ಕೆ ಒಂದೇ ಬದಲಾವಣೆ. ಎರಡನ್ನು ಒಟ್ಟಿಗೆ ಬದಲಿಸಿದರೆ ಒಳ್ಳೆಯದಾದರೂ ಕೆಟ್ಟದಾದರೂ ಯಾವುದರಿಂದ ಅಂತ ತಿಳಿಯುವುದೇ ಇಲ್ಲ.

ಇನ್ನು ಲಿಥಿಯಂ. ಇದು ಉಳಿದುಕೊಳ್ಳುವ ಮಾತ್ರೆ. ಹಾಗಾಗಿ ಇದನ್ನು ಚೆನ್ನಾಗಿ ಪರಿಚಯ ಮಾಡಿಕೊಳ್ಳಿ.

ಲಿಥಿಯಂ ಯಾವುದೋ ಲ್ಯಾಬಿನಲ್ಲಿ ಹುಟ್ಟಿದ ರಾಸಾಯನಿಕ ಅಲ್ಲ, ಕಲ್ಲಿನಲ್ಲಿ, ಉಪ್ಪುನೀರಿನಲ್ಲಿ ಸಿಗುವ ಮೂಲವಸ್ತು. 1949ರಲ್ಲಿ ಆಸ್ಟ್ರೇಲಿಯಾದ ಜಾನ್ ಕೇಡ್ ಅನ್ನುವ ಡಾಕ್ಟರು ಇದು ಮೇನಿಯಾ ಇಳಿಸುತ್ತದೆ ಅಂತ ಬರೆದರು. ಎಪ್ಪತ್ತು ವರ್ಷಕ್ಕೂ ಮೇಲೆ ಆಯಿತು, ಇನ್ನೂ ಇದನ್ನು ಮೀರಿಸಿದ್ದು ಬಂದಿಲ್ಲ ಅಂತ ನನ್ನಂಥ ಹಳಬರು ವಾದ ಮಾಡುತ್ತೇವೆ. ಕಾರಣ ಇಷ್ಟೇ. ಇದು ಏರಿಳಿತ ಎರಡನ್ನೂ ತಡೆಯುತ್ತದೆ. ಜೊತೆಗೆ ಆತ್ಮಹತ್ಯೆಯ ಅಪಾಯವನ್ನು ಕಡಿಮೆ ಮಾಡುತ್ತದೆ ಅನ್ನುವುದಕ್ಕೆ ಈ ಗುಂಪಿನ ಔಷಧಿಗಳಲ್ಲಿ ಗಟ್ಟಿ ಆಧಾರ ಇರುವುದು ಇದಕ್ಕೇ. ಚಟ ಹಿಡಿಸುವ ಗುಣ ಇದಕ್ಕಿಲ್ಲ.

ಕಿಡ್ನಿಯ ಮಾತು ಪೂರ್ತಿ ಸುಳ್ಳಲ್ಲ. ವರ್ಷಾನುಗಟ್ಟಲೆ ತೆಗೆದುಕೊಂಡ ಕೆಲವರಲ್ಲಿ ಕಿಡ್ನಿಯ ಕೆಲಸ ನಿಧಾನವಾಗಿ ಕುಗ್ಗುತ್ತದೆ. ಥೈರಾಯ್ಡ್ ಕೂಡ ನಿಧಾನವಾಗಬಹುದು, ಹೆಂಗಸರಲ್ಲಿ ಇದು ಜಾಸ್ತಿ. ರಕ್ತದಲ್ಲಿ ಕ್ಯಾಲ್ಸಿಯಂ ಏರಬಹುದು. ಆದರೆ ಇವು ರಾತ್ರೋರಾತ್ರಿ ಆಗುವಂಥವಲ್ಲ. ಆರು ತಿಂಗಳಿಗೊಮ್ಮೆ ಕಿಡ್ನಿಯ ಕೆಲಸ ತೋರಿಸುವ ಕ್ರಿಯಾಟಿನಿನ್, ಜೊತೆಗೆ ಥೈರಾಯ್ಡ್, ಕ್ಯಾಲ್ಸಿಯಂ ನೋಡುವುದು ಅದಕ್ಕೇ. ಅಂಕಿ ಜಾರತೊಡಗಿದರೆ ಮೊದಲೇ ಕಾಣುತ್ತದೆ, ಡೋಸ್ ಬದಲಿಸಲು ಹೊತ್ತಿರುತ್ತದೆ. ಥೈರಾಯ್ಡ್ ನಿಧಾನವಾದರೆ ಅದಕ್ಕೆ ಮಾತ್ರೆ ಇದೆ, ಲಿಥಿಯಂ ಬಿಡಬೇಕಾಗಿಲ್ಲ. ಕಿಡ್ನಿಗೆ ಹೆದರಿ ಪರೀಕ್ಷೆಯನ್ನೂ ಮಾಡಿಸದೆ ಮಾತ್ರೆಯನ್ನೂ ಬಿಟ್ಟು ಕೂತವರನ್ನು ನೋಡಿದ್ದೇನೆ. ಪರೀಕ್ಷೆ ಮಾಡಿಸದೆ ಮಾತ್ರೆ ಮಾತ್ರ ನುಂಗುತ್ತಾ ಹೋದವರನ್ನೂ ನೋಡಿದ್ದೇನೆ. ನನಗೆ ಜಾಸ್ತಿ ಚಿಂತೆ ಎರಡನೆಯವರದ್ದೇ.

ಯಾಕೆಂದರೆ ಲಿಥಿಯಂಗೆ ಸಾಕಷ್ಟು ಅನ್ನುವ ಮಟ್ಟಕ್ಕೂ ಜಾಸ್ತಿಯಾಯಿತು ಅನ್ನುವ ಮಟ್ಟಕ್ಕೂ ನಡುವೆ ಜಾಗ ಕಡಿಮೆ. ಕಾಯಿಲೆ ಮರಳದಂತೆ ತಡೆಯಲು ರಕ್ತದಲ್ಲಿ ಸಾಮಾನ್ಯವಾಗಿ ಲೀಟರಿಗೆ 0.6ರಿಂದ 0.8 ಮಿಲಿಮೋಲ್ ಇದ್ದರೆ ಸಾಕು. ಮೇನಿಯಾ ಜೋರಿದ್ದಾಗ 1.0ರ ತನಕ ಒಯ್ಯುತ್ತೇವೆ. 1.5 ದಾಟಿದರೆ ವಿಷವಾಗತೊಡಗುತ್ತದೆ. ಪರೀಕ್ಷೆಗೆ ರಕ್ತ ಕೊಡುವುದು ಕೊನೆಯ ಮಾತ್ರೆ ತಿಂದ 12 ಗಂಟೆಗೆ. ರಾತ್ರಿ ಒಂಬತ್ತಕ್ಕೆ ತಿಂದರೆ ಬೆಳಿಗ್ಗೆ ಒಂಬತ್ತಕ್ಕೆ. ಬೆಳಗಿನ ಮಾತ್ರೆ ಇದ್ದರೆ ಅದು ರಕ್ತ ಕೊಟ್ಟ ಮೇಲೆ. ಈ ಸಣ್ಣ ವಿಷಯ ಹೇಳದೇ ಇದ್ದುದರಿಂದ, ಬೆಳಗಿನ ಮಾತ್ರೆ ತಿಂದು ಬಂದು ಅಂಕಿ ಸುಮ್ನೆ ಜಾಸ್ತಿ ತೋರಿಸಿ, ಎಲ್ಲರೂ ಗಾಬರಿಯಾದ ದಿನಗಳು ನನ್ನ ಬಳಿ ಲೆಕ್ಕವಿಲ್ಲದಷ್ಟಿವೆ.

ಲಿಥಿಯಂ ಲಿವರಿನಲ್ಲಿ ಕರಗುವುದಿಲ್ಲ, ಪೂರ್ತಿ ಕಿಡ್ನಿಯಿಂದಲೇ ಹೊರಗೆ ಹೋಗಬೇಕು. ಕಿಡ್ನಿ ಇದನ್ನು ನೋಡುವುದು ಹೆಚ್ಚುಕಡಿಮೆ ಉಪ್ಪಿನಂತೆಯೇ. ಮೈಯಲ್ಲಿ ಉಪ್ಪು, ನೀರು ಕಡಿಮೆಯಾದರೆ ಕಿಡ್ನಿ ಉಪ್ಪನ್ನು ಬಿಗಿಯಾಗಿ ಹಿಡಿದಿಟ್ಟುಕೊಳ್ಳುತ್ತದೆ. ಜೊತೆಗೆ ಲಿಥಿಯಂ ಕೂಡ ಒಳಗೇ ಉಳಿಯುತ್ತದೆ. ವಾಂತಿಭೇದಿ, ಸುಡುವ ಜ್ವರ, ಬಿಸಿಲಲ್ಲಿ ವಿಪರೀತ ಬೆವರು, ಉಪವಾಸ, ತೂಕ ಇಳಿಸುವ ಆಸೆಯಲ್ಲಿ ಉಪ್ಪನ್ನೇ ಬಿಡುವುದು, ಇವೆಲ್ಲ ಅಪಾಯ ಆಗುವುದು ಹೀಗೆ. ಉಪ್ಪು ಜಾಸ್ತಿ ತಿನ್ನಿ ಅಂತ ನಾನು ಹೇಳುತ್ತಿಲ್ಲ. ದಿನಾ ಒಂದೇ ಹದದಲ್ಲಿ ಇರಲಿ. ವಾಂತಿಭೇದಿ ಶುರುವಾದರೆ ಲಿಥಿಯಂ ತಿನ್ನುವ ಮೊದಲು ಡಾಕ್ಟರಿಗೆ ಫೋನ್ ಮಾಡಿ, ಅವತ್ತಿನ ಡೋಸ್ ತಡೆಹಿಡಿಯಲು ಹೇಳಬಹುದು.

ನೋವಿನ ಮಾತ್ರೆ ಇನ್ನೊಂದು ಬಲೆ. ಐಬುಪ್ರೊಫೆನ್, ಡೈಕ್ಲೋಫೆನಾಕ್, ನ್ಯಾಪ್ರೊಕ್ಸೆನ್ ಇವು ಕಿಡ್ನಿಯಿಂದ ಲಿಥಿಯಂ ಹೊರಹೋಗುವುದನ್ನು ಕಡಿಮೆ ಮಾಡುತ್ತವೆ. ಹತ್ತು ವರ್ಷ ಲಿಥಿಯಂ ಮೇಲೆ ಆರಾಮಾಗಿದ್ದ ಒಬ್ಬರು ಮಂಡಿನೋವಿಗೆ ಅಂಗಡಿಯಿಂದ ಮಾತ್ರೆ ತಂದು ವಾರ ತಿಂದರು. ಕಾಲು ತೂರಾಡುತ್ತಾ, ಮಾತು ತೊದಲುತ್ತಾ ಬಂದರು. ಜೊತೆಗೆ ಬಂದವರು ಕುಡಿದಿದ್ದಾರೆ ಅಂದುಕೊಂಡಿದ್ದರು. ಅದು ಲಿಥಿಯಂ ಏರಿದ್ದು. ನೋವಿಗೆ, ಜ್ವರಕ್ಕೆ ಪ್ಯಾರಾಸಿಟಮಾಲ್ ಆಗುತ್ತದೆ. ಬಿಪಿಗೆ ಕೊಡುವ ಕೆಲವು ಮಾತ್ರೆಗಳು, ಅಂದರೆ ಎನಲಾಪ್ರಿಲ್, ರಾಮಿಪ್ರಿಲ್, ಲೊಸಾರ್ಟಾನ್ ಥರದವು, ಮತ್ತೆ ಮೂತ್ರ ಹೆಚ್ಚಿಸುವ ಹೈಡ್ರೋಕ್ಲೋರೋಥಯಜೈಡ್ ಕೂಡ ಲಿಥಿಯಂ ಮಟ್ಟ ಏರಿಸುತ್ತವೆ. ಹಲ್ಲಿನ ಡಾಕ್ಟರೇ ಆಗಲಿ, ಮೂಳೆಯ ಡಾಕ್ಟರೇ ಆಗಲಿ, ಮೊದಲ ಮಾತು 'ನಾನು ಲಿಥಿಯಂ ಮೇಲಿದ್ದೇನೆ' ಅಂತಲೇ ಇರಲಿ.

ಬೆರಳ ತುದಿಯ ಸಣ್ಣ ನಡುಕ, ಬಾಯಾರಿಕೆ, ಪದೇ ಪದೇ ಮೂತ್ರಕ್ಕೆ ಹೋಗುವುದು ಸಾಮಾನ್ಯ. ಇಡೀ ಕೈ ಅದುರುವುದು, ನಡೆ ತಪ್ಪುವುದು, ನಾಲಿಗೆ ತೊದಲುವುದು, ವಾಂತಿ, ಎಬ್ಬಿಸಿದರೂ ಏಳದಂಥ ಮಂಪರು ಸಾಮಾನ್ಯ ಅಲ್ಲ. ಅಂಥ ದಿನ ಮುಂದಿನ ಡೋಸ್ ಬೇಡ, ನೇರ ಆಸ್ಪತ್ರೆಗೆ. ಒಂದು ಹೊತ್ತಿನ ಮಾತ್ರೆ ಮರೆತರೆ ಮುಂದಿನ ಹೊತ್ತಿಗೆ ಎರಡು ಸೇರಿಸಿ ತಿನ್ನಬೇಡಿ. ಮರೆತದ್ದು ಮರೆತುಹೋಯಿತು.

ತಲೆಯ ಚುರುಕು ಹೋಯಿತು ಅಂದಿರಿ. ಇದರ ಬಗ್ಗೆ ಸ್ವಲ್ಪ ನಿಧಾನವಾಗಿ ಮಾತಾಡಬೇಕು, ಯಾಕೆಂದರೆ ಜನ ಮಾತ್ರೆ ಬಿಡುವುದು ಕಿಡ್ನಿಯ ಭಯಕ್ಕಿಂತ ಜಾಸ್ತಿ ಇದೇ ಕಾರಣಕ್ಕೆ. ಮೂರು ಸಂಗತಿ ಒಂದರ ಮೇಲೊಂದು ಕೂತಿರಬಹುದು. ಒಂದು, ಕ್ವಟಯಾಪಿನ್ ಮತ್ತು ಕ್ಲೊನಾಜಿಪಾಮ್ ತರುವ ಮಂಪರು. ಅದು ಡೋಸ್ ಇಳಿದಂತೆ ಇಳಿಯುತ್ತದೆ. ಎರಡು, ಮೇನಿಯಾ ಇಳಿದ ಮೇಲೆ ಹಿಂದೆಯೇ ಡಿಪ್ರೆಶನ್ ಬರುವುದು ತೀರಾ ಸಾಮಾನ್ಯ. ಯಾವುದರಲ್ಲೂ ಮನಸ್ಸಿಲ್ಲ, ಬೆಳಿಗ್ಗೆ ಏಳಲು ಬೇಡ, ಮಾಡಿದ ತಪ್ಪುಗಳೇ ತಲೆಯಲ್ಲಿ ಸುತ್ತುತ್ತವೆ ಅಂತಾದರೆ ಅದು ಮಾತ್ರೆಯ ಮಂಪರಲ್ಲ, ಕಾಯಿಲೆಯ ಇನ್ನೊಂದು ಮುಖ. ಇದಕ್ಕೆ ಮಾಡಬೇಕಾದ್ದು ಬೇರೆ, ಕೆಲವರಿಗೆ ಲ್ಯಾಮೋಟ್ರಿಜಿನ್ ಸೇರಿಸುತ್ತೇವೆ. ಅದನ್ನು ಶುರು ಮಾಡಿದರೆ ಡೋಸ್ ಏರಿಸುವುದು ಆಮೆಯ ವೇಗದಲ್ಲಿ. ಮೈಮೇಲೆ ದದ್ದು ಕಂಡರೆ ಅವತ್ತೇ ತೋರಿಸಬೇಕು, ಅಪರೂಪಕ್ಕೆ ಅದು ಚರ್ಮದ ಅಪಾಯಕಾರಿ ಕಾಯಿಲೆಯಾಗಿ ತಿರುಗುತ್ತದೆ.

ಮೂರನೆಯದನ್ನು ಹೇಳಲು ನನಗೂ ಹಿಂಜರಿಕೆ. ನೀವು ಈಗಿನ ನಿಮ್ಮನ್ನು ಯಾವ ದಿನಗಳ ಜೊತೆ ಹೋಲಿಸುತ್ತಿದ್ದೀರಿ? ಮೇನಿಯಾ ಪೂರ್ತಿ ಏರುವ ಮೊದಲಿನ ದಿನಗಳಲ್ಲಿ ತಲೆ ಮಿಂಚಿನಂತೆ ಓಡುತ್ತದೆ, ಮಾತು ಹರಿಯುತ್ತದೆ, ಬಣ್ಣಗಳೂ ಗಾಢವಾಗಿ ಕಾಣುತ್ತವೆ ಅಂತ ಎಷ್ಟೋ ಜನ ನನಗೆ ಹೇಳಿದ್ದಾರೆ. ಆ ದಿನಗಳ ಪಕ್ಕದಲ್ಲಿ ಇಟ್ಟರೆ ಯಾವ ಮಾಮೂಲಿ ದಿನವೂ ಸಪ್ಪೆಯೇ. ನಾಲ್ಕು ವರ್ಷದ ಹಿಂದೆ, ಡಿಪ್ರೆಶನ್ ಕೂಡ ಬರುವ ಮೊದಲು, ಒಂದು ಸಾಧಾರಣ ದಿನ ನೀವು ಹೇಗಿದ್ದಿರಿ? ಆ ಅಳತೆಗೋಲು ಇಟ್ಟು ನೋಡಿ. ಅದಕ್ಕಿಂತಲೂ ಮಂಕಾಗಿದ್ದರೆ ಆಗ ಅದು ಡೋಸಿನ ಸಮಸ್ಯೆ, ಅದನ್ನು ಸರಿಪಡಿಸಲೇಬೇಕು. ಲೆಕ್ಕದಲ್ಲಿ ತಪ್ಪು ಬರುತ್ತಿದೆ, ಅಂಕಿ ಕೂಡಿಸಲು ಮೊದಲಿಗಿಂತ ಎರಡರಷ್ಟು ಹೊತ್ತು ಹಿಡಿಯುತ್ತಿದೆ ಅಂತ ಡಾಕ್ಟರಿಗೆ ನಿರ್ದಿಷ್ಟವಾಗಿ ಹೇಳಿ. 'ಒಂಥರಾ ಆಗ್ತಿದೆ' ಅಂದರೆ ನಮಗೆ ಏನು ಮಾಡಬೇಕೋ ತಿಳಿಯುವುದಿಲ್ಲ.

ಇದರ ನಡುವೆ ಸಾಯುವ ಯೋಚನೆ ಬಂದರೆ, ಅದು ಕ್ಷಣಕ್ಕೆ ಬಂದುಹೋದರೂ, ಆ ದಿನವೇ ಮನೆಯವರಿಗೂ ಡಾಕ್ಟರಿಗೂ ಹೇಳಿ. ಮುಂದಿನ ಅಪಾಯಿಂಟ್‌ಮೆಂಟ್ ತನಕ ಇಟ್ಟುಕೊಳ್ಳಬೇಡಿ. ಯೋಚನೆ ಬಿಡದೆ ಕಾಡಿದರೆ ನೇರ ತುರ್ತು ವಿಭಾಗಕ್ಕೆ ಹೋಗಿ, ಒಬ್ಬರೇ ಇರಬೇಡಿ. ಅಂಥ ವಾರಗಳಲ್ಲಿ ಮಾತ್ರೆಯ ಡಬ್ಬಿ ಮನೆಯ ಇನ್ನೊಬ್ಬರ ಕೈಯಲ್ಲಿರಲಿ. ಲಿಥಿಯಂ ಒಟ್ಟಿಗೆ ಜಾಸ್ತಿ ಹೋದರೆ ಪ್ರಾಣಕ್ಕೇ ಅಪಾಯ.

ನಿಮ್ಮ ಸಂಬಂಧಿಕರ ಮಾತಿಗೆ ಬರೋಣ. ಮನಸ್ಸು ಗಟ್ಟಿ ಇಲ್ಲದ್ದಕ್ಕೆ ಬರುವ ಕಾಯಿಲೆ ಇದಲ್ಲ. ಬೈಪೋಲಾರಿನಲ್ಲಿ ವಂಶದ ಪಾಲು ದೊಡ್ಡದು, ಅದರ ಮೇಲೆ ನಿದ್ದೆಗೇಡು, ಒತ್ತಡ, ಕೆಲವು ಔಷಧಿ, ಮಾದಕವಸ್ತು ಕಿಡಿ ಹಚ್ಚುತ್ತವೆ. ನಿಮ್ಮ ವಿಷಯದಲ್ಲಿ ಕಿಡಿ ಯಾವುದು ಅಂತ ಎದುರಿಗೇ ಇದೆ. ಆದರೆ ಅವರ ಮಾತನ್ನು ಪೂರ್ತಿ ತಳ್ಳಿಹಾಕಲಾರೆ. ಮಾತ್ರೆಯ ಹೊರಗೆ ನಿಮ್ಮ ಕೈಯಲ್ಲಿ ಇರುವುದೂ ಸಾಕಷ್ಟಿದೆ. ಅದರಲ್ಲಿ ಮೊದಲನೆಯದು ನಿದ್ದೆ. ನಿದ್ದೆ ಕೆಡುವುದು ಮೇನಿಯಾದ ಲಕ್ಷಣವೂ ಹೌದು, ಕಾರಣವೂ ಹೌದು. ಮಲಗುವ ಹೊತ್ತಿಗಿಂತ ಏಳುವ ಹೊತ್ತು ಸ್ಥಿರ ಇಡುವುದು ಸುಲಭ, ಅಲ್ಲಿಂದ ಶುರು ಮಾಡಿ. ರಾತ್ರಿ ಪಾಳಿಯ ಕೆಲಸ ನಿಮಗಲ್ಲ. ವರ್ಷದ ಕೊನೆಯ ಲೆಕ್ಕ ಮುಗಿಸಲು ರಾತ್ರಿಯಿಡೀ ಕೂರುವ ಅಭ್ಯಾಸ ಇದ್ದರೆ ಅದನ್ನು ಈ ವರ್ಷದಿಂದ ಬೇರೆಯವರಿಗೆ ಬಿಡಿ. ಎರಡು ರಾತ್ರಿ ನಿದ್ದೆ ಕಡಿಮೆಯಾಗಿಯೂ ಬೆಳಿಗ್ಗೆ ಸುಸ್ತು ಇಲ್ಲದಿದ್ದರೆ ಮೂರನೆಯ ದಿನ ಡಾಕ್ಟರಿಗೆ ಫೋನ್. ಇದನ್ನು ಮನೆಯವರ ಹತ್ತಿರವೂ ಹೇಳಿಟ್ಟಿರಿ, ಯಾಕೆಂದರೆ ಏರುತ್ತಿರುವಾಗ ಏರುತ್ತಿರುವುದು ನಿಮಗೆ ಕಾಣುವುದಿಲ್ಲ. ದುಡ್ಡಿನ ವಿಷಯವೂ ಹಾಗೆ. ಇಂತಿಷ್ಟು ಮೊತ್ತ ದಾಟಿದರೆ ನಂಬಿಕೆಯ ಇನ್ನೊಬ್ಬರ ಒಪ್ಪಿಗೆ ಬೇಕು ಅಂತ ಈಗ, ನೆಮ್ಮದಿಯಾಗಿ ಇರುವಾಗ, ನೀವೇ ಏರ್ಪಾಟು ಮಾಡಿಕೊಳ್ಳಿ. ಆಪ್ತಸಮಾಲೋಚನೆಯೂ ಬೇಕು. ಅದು ಮಾತ್ರೆಯ ಬದಲಿಗೆ ಅಲ್ಲ, ಮಾತ್ರೆಯ ಜೊತೆಗೆ. ಕುಟುಂಬದವರನ್ನೂ ಕೂರಿಸಿಕೊಂಡು ಮಾಡುವ ಸಮಾಲೋಚನೆಯಿಂದ ಕಾಯಿಲೆ ಮರಳುವುದು ಕಡಿಮೆಯಾಗುತ್ತದೆ. ಸಾಧ್ಯವಾದರೆ ಆ ಸಂಬಂಧಿಕರನ್ನೂ ಒಮ್ಮೆ ಕರೆದುಕೊಂಡು ಹೋಗಿ.

ಮೇಲಧಿಕಾರಿಗೆ ಏನು ಹೇಳುವುದು ಅಂತ ನೀವು ಕೇಳಿಲ್ಲ, ಆದರೂ ಒಂದು ಸಾಲು. ಕ್ಷಮೆ ಕೇಳುವುದಕ್ಕೆ ಕಾಯಿಲೆಯ ಹೆಸರು ಹೇಳಲೇಬೇಕು ಅಂತಿಲ್ಲ. ಕೆಲಸಕ್ಕೆ ಮರಳುವ ತುರ್ತಿನಲ್ಲಿ ಎಲ್ಲವನ್ನೂ ಎಲ್ಲರಿಗೂ ಹೇಳಿ ಆಮೇಲೆ ಪಶ್ಚಾತ್ತಾಪ ಪಟ್ಟವರು ಇದ್ದಾರೆ.

ಜೀವನಪೂರ್ತಿ ಮಾತ್ರೆಯೇ ಅನ್ನುವ ಪ್ರಶ್ನೆಯನ್ನೂ ನೀವು ಬಾಯಿಬಿಟ್ಟು ಕೇಳಿಲ್ಲ. ಅದು ಮನಸ್ಸಿನಲ್ಲಿ ಇದ್ದೇ ಇರುತ್ತದೆ. ಒಮ್ಮೆ ಮೇನಿಯಾ ಬಂದವರಲ್ಲಿ ಹತ್ತರಲ್ಲಿ ಒಂಬತ್ತು ಜನಕ್ಕೆ ಮುಂದೆ ಎಂದಾದರೂ ಏರು ಅಥವಾ ಇಳಿತ ಮತ್ತೆ ಬರುತ್ತದೆ. ಹಾಗಾಗಿ ತುಂಬಾ ಜನಕ್ಕೆ ಒಂದು ಔಷಧಿಯಾದರೂ ದೀರ್ಘಕಾಲ ಬೇಕು. ಆದರೆ ಇವತ್ತು ನೀವು ಇಡೀ ಜೀವನಕ್ಕೆ ಸಹಿ ಹಾಕಬೇಕಿಲ್ಲ. ನಾನು ಹೊಸಬರಿಗೆ ಮೊದಲ ಎರಡು ವರ್ಷದ ಮಾತಷ್ಟೇ ಆಡುತ್ತೇನೆ. ಆ ಎರಡು ವರ್ಷ ಬಿಡದೆ ನಡೆಸಿ, ಆಮೇಲೆ ಕೂತು ಲೆಕ್ಕ ನೋಡೋಣ ಅಂತ. ನಾಲ್ಕು ಮಾತ್ರೆ ಅಷ್ಟು ಹೊತ್ತಿಗೆ ಎರಡಕ್ಕೋ ಒಂದಕ್ಕೋ ಇಳಿದಿರುವುದು ಅಪರೂಪವೇನಲ್ಲ.

ಮಗುವಿನ ವಿಷಯ. ಆಗಬಹುದು. ತಂದೆ ತಾಯಿಯಲ್ಲಿ ಒಬ್ಬರಿಗೆ ಬೈಪೋಲಾರ್ ಇದ್ದರೆ ಮಗುವಿಗೆ ಬರುವ ಅಪಾಯ ಹತ್ತರಲ್ಲಿ ಒಂದರ ಆಸುಪಾಸು. ಅಂದರೆ ಒಂಬತ್ತು ಪಾಲು ಬರುವುದಿಲ್ಲ. ಮಾತ್ರೆಗಳ ಲೆಕ್ಕ ಬೇರೆ. ವಾಲ್ಪ್ರೊಯೇಟ್ ಅನ್ನುವ ಇನ್ನೊಂದು ಮೂಡ್ ಸ್ಟೆಬಿಲೈಸರ್ ಇದೆ, ಅದನ್ನು ನಿಮಗೆ ಕೊಟ್ಟಿಲ್ಲ, ಒಳ್ಳೆಯದೇ ಆಯಿತು. ಬಸಿರಿನಲ್ಲಿ ಅದನ್ನು ತೆಗೆದುಕೊಂಡರೆ ಸುಮಾರು ಹತ್ತರಲ್ಲಿ ಒಂದು ಮಗುವಿಗೆ ಹುಟ್ಟಿನಿಂದಲೇ ಅಂಗದೋಷ ಇರುತ್ತದೆ, ಹತ್ತರಲ್ಲಿ ಮೂರು ನಾಲ್ಕು ಮಕ್ಕಳ ಕಲಿಕೆ, ಬೆಳವಣಿಗೆಗೆ ತೊಂದರೆಯಾಗುತ್ತದೆ. ಮುಂದೆ ಯಾರಾದರೂ ಬರೆದರೆ ಮಗುವಿನ ಆಸೆ ಇದೆ ಅಂತ ಮೊದಲೇ ಹೇಳಿ. ಲಿಥಿಯಂನಿಂದಲೂ ಮಗುವಿನ ಹೃದಯದ ತೊಂದರೆಯ ಅಪಾಯ ಸ್ವಲ್ಪ ಏರುತ್ತದೆ, ಮೊದಲ ಮೂರು ತಿಂಗಳಲ್ಲಿ, ಡೋಸ್ ಜಾಸ್ತಿಯಿದ್ದಷ್ಟೂ ಜಾಸ್ತಿ. ಆದರೆ ಬಸಿರು ಗೊತ್ತಾದ ದಿನವೇ ಹೆದರಿ ಎಲ್ಲ ನಿಲ್ಲಿಸುವುದು ಅದಕ್ಕಿಂತ ಅಪಾಯ. ಹೆರಿಗೆಯ ನಂತರದ ವಾರಗಳಂತೂ ಈ ಕಾಯಿಲೆ ಮರಳುವ ಹೊತ್ತು. ಹಾಗಾಗಿ ಬಸಿರಿಗೆ ಆರು ತಿಂಗಳ ಮೊದಲೇ ಮನೋವೈದ್ಯರು, ಹೆರಿಗೆ ವೈದ್ಯರು ಇಬ್ಬರ ಜೊತೆ ಕೂತು ಯಾವುದು ಇರಲಿ, ಯಾವುದು ಬೇಡ ಅಂತ ತೀರ್ಮಾನಿಸಿ. ಅಲ್ಲಿಯವರೆಗೆ ಗರ್ಭನಿರೋಧಕ ಬಳಸಿ. ಲ್ಯಾಮೋಟ್ರಿಜಿನ್ ಸೇರಿಸಿದರೆ ಮಾತ್ರ ಗರ್ಭನಿರೋಧಕ ಮಾತ್ರೆಯ ಬಗ್ಗೆ ಹೇಳಲು ಮರೆಯಬೇಡಿ, ಈಸ್ಟ್ರೊಜೆನ್ ಇರುವ ಮಾತ್ರೆಗಳು ಅದರ ಮಟ್ಟವನ್ನು ಅರ್ಧದಷ್ಟು ಇಳಿಸಿಬಿಡಬಹುದು.

ಕೊನೆಗೆ ಕಾಫಿ. ಸಣ್ಣ ಪ್ರಶ್ನೆ ಅಂದಿರಿ, ಆದರೆ ಇದನ್ನು ಕೇಳಿದ್ದು ಒಳ್ಳೆಯದಾಯಿತು. ಕಾಫಿಯಲ್ಲಿರುವ ಕೆಫೀನ್ ಲಿಥಿಯಂ ಅನ್ನು ಮೂತ್ರದಲ್ಲಿ ಬೇಗ ಹೊರಗೆ ಕಳಿಸುತ್ತದೆ. ನಿಮ್ಮ ಈಗಿನ ಡೋಸ್ ಲೆಕ್ಕ ಹಾಕಿದ್ದು ನಾಲ್ಕು ಕಪ್ ಕುಡಿಯುವ ನಿಮ್ಮ ಮೈಗೆ. ನಾಳೆ ಬೆಳಿಗ್ಗೆ ಶಪಥ ಮಾಡಿ ಕಾಫಿ ಪೂರ್ತಿ ಬಿಟ್ಟರೆ ಅದೇ ಡೋಸಿಗೆ ರಕ್ತದಲ್ಲಿ ಲಿಥಿಯಂ ಏರಬಹುದು. ಇನ್ನೊಂದು ಕಡೆ, ಕೈ ನಡುಕವನ್ನು ಕಾಫಿಯೂ ಜಾಸ್ತಿ ಮಾಡುತ್ತದೆ, ಸಂಜೆಯ ಕಪ್ ನಿದ್ದೆಯನ್ನೂ ತಿನ್ನುತ್ತದೆ. ಹಾಗಾಗಿ ಡಾಕ್ಟರಿಗೆ ತಿಳಿಸಿ, ವಾರಕ್ಕೆ ಅರ್ಧ ಕಪ್ಪಿನಂತೆ ಇಳಿಸುತ್ತಾ ಎರಡಕ್ಕೆ ತನ್ನಿ. ಎರಡೂ ಮಧ್ಯಾಹ್ನದೊಳಗೆ ಮುಗಿಯಲಿ. ಎರಡಕ್ಕೆ ಬಂದು ನಿಂತ ವಾರದ ನಂತರ ಒಮ್ಮೆ ಲಿಥಿಯಂ ಮಟ್ಟ ನೋಡಿಸಿ. ನಡುಕ ಅಷ್ಟರಲ್ಲೇ ತಗ್ಗಿದ್ದರೆ ಪ್ರೊಪ್ರನಲಾಲ್ ಮಾತನ್ನೂ ಅವತ್ತೇ ಎತ್ತಿ.